ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಜೋನಿ ಬೆಲ್ಲ, ಉಪ್ಪಿನಾಗರ, ಕಡಲ ಬದಿಯ ಬಾವಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ಬರೆದವರ ಊರು ಮತ್ತು ಕಸುಬು ಬೇರೆಬೇರೆಯಾದರೂ ಎಲ್ಲರ ಪ್ರಶ್ನೆಯೂ ದ್ರವಗಳ ನಡವಳಿಕೆಗೆ ಸಂಬಂಧಿಸಿದ್ದಾಗಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಜೋನಿ ಬೆಲ್ಲ ಬೇಸಿಗೆಯಲ್ಲಿ ಡಬ್ಬಿ ಬಗ್ಗಿಸಿದ ಕೂಡಲೇ ಇಳಿದುಬರುತ್ತದೆ. ಚಳಿಗಾಲದ ಬೆಳಿಗ್ಗೆ ಮಾತ್ರ ದೋಸೆಗೆ ಬಡಿಸುವಷ್ಟೂ ಬೀಳುವುದಿಲ್ಲ. ಪಕ್ಕದಲ್ಲೇ ಇರುವ ಕೊಡದ ನೀರು ಎಂದಿನಂತೆ ಹರಿಯುತ್ತದೆ. ಚಳಿ ಎರಡಕ್ಕೂ ಒಂದೇ ಅಲ್ಲವೇ? ಸ್ವಲ್ಪ ನೀರು ಬೆರೆಸಿ ಇಟ್ಟುಕೊಂಡರೆ ಆಗಬಹುದೇ?
— ಗೃಹಿಣಿ, ಶಿರಸಿ ತಾಲೂಕು

ಉತ್ತರ: ದ್ರವವೊಂದು ಹರಿಯಬೇಕಾದರೆ ಅದರ ಒಂದು ಪದರ ಇನ್ನೊಂದರ ಮೇಲೆ ಜಾರಬೇಕು, ಜಾರುವಾಗ ಅಣುಗಳು ತಮ್ಮ ನೆರೆಯ ಅಣುಗಳ ಹಿಡಿತದಿಂದ ಬಿಡಿಸಿಕೊಂಡು ಮುಂದೆ ಸಾಗಬೇಕು. ಈ ಹಿಡಿತ ಒಡ್ಡುವ ತಡೆಗೆ ಸ್ನಿಗ್ಧತೆ ಎನ್ನುತ್ತೇವೆ. ನೀರಿನ ಅಣು ಚಿಕ್ಕದು, ಹಗುರವಾದದ್ದು. ಜೋನಿ ಬೆಲ್ಲದ ಮುಖ್ಯ ವಸ್ತುವಾದ ಸುಕ್ರೋಸ್ ಸಕ್ಕರೆಯ ಅಣು ಅದಕ್ಕಿಂತ 19 ಪಟ್ಟು ಭಾರವಾದದ್ದು. ಮೇಲಾಗಿ ಅದರ ಮೈಯಲ್ಲಿ ಆಮ್ಲಜನಕ ಮತ್ತು ಜಲಜನಕ ಒಟ್ಟಿಗಿರುವ ಎಂಟು ತಾಣಗಳಿದ್ದು, ಅವುಗಳಲ್ಲಿ ಪ್ರತಿಯೊಂದೂ ನೆರೆಯ ಅಣುವನ್ನು ಹೈಡ್ರೋಜನ್ ಬಂಧದ ಮೂಲಕ ಹಿಡಿದುಕೊಳ್ಳಬಲ್ಲದು. ಮಾರಿಕಾಂಬಾ ಜಾತ್ರೆಯ ಜನಸಂದಣಿಯಲ್ಲಿ ಒಬ್ಬನೇ ನುಸುಳಿಕೊಂಡು ಹೋಗುವುದಕ್ಕೂ ಎಂಟು ಮಂದಿಯ ಕೈ ಹಿಡಿದುಕೊಂಡು ಸಾಗುವುದಕ್ಕೂ ಇರುವ ಅಂತರವೇ ಇವೆರಡರ ನಡುವೆ ಇದೆ.

ಅಣುಗಳು ಈ ಹಿಡಿತದಿಂದ ಬಿಡಿಸಿಕೊಳ್ಳಲು ಬೇಕಾದ ಚೈತನ್ಯವನ್ನು ಶಾಖ ಕೊಡುತ್ತದೆ. ಚಳಿ ಹೆಚ್ಚಿದಂತೆ ಅಷ್ಟು ಚೈತನ್ಯವುಳ್ಳ ಅಣುಗಳು ಕಡಿಮೆಯಾಗುತ್ತವೆ, ಮತ್ತು ಹಿಡಿತ ಬಲವಾಗಿರುವ ದ್ರವಕ್ಕೆ ಈ ಕೊರತೆಯ ಪೆಟ್ಟು ಹೆಚ್ಚು ತಗಲುತ್ತದೆ. ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 10 ಡಿಗ್ರಿಗೆ ತಣಿಸಿದರೆ ಅದರ ಸ್ನಿಗ್ಧತೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಕೊಡ ಬಗ್ಗಿಸುವವರ ಗಮನಕ್ಕೆ ಅದು ಬರುವುದೇ ಇಲ್ಲ. ಜೋನಿ ಬೆಲ್ಲ, ಜೇನುತುಪ್ಪಗಳಂಥ ದಪ್ಪ ಪಾಕಗಳ ಸ್ನಿಗ್ಧತೆ ಅಷ್ಟೇ ಚಳಿಗೆ ಹಲವು ಪಟ್ಟು ಏರುತ್ತದೆ. ಚಳಿ ಒಂದೇ ಆದರೂ ಪರಿಣಾಮ ಒಂದೇ ಆಗದಿರುವುದು ಈ ಕಾರಣದಿಂದ.

ನೀರು ಬೆರೆಸುವುದು ಖಂಡಿತ ಬೇಡ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ನೀರು ಆರಿದಂತೆಲ್ಲ ಕುದಿಯುವ ಬಿಸಿಯೂ ಏರುತ್ತ ಹೋಗುತ್ತದೆ. ಸುಮಾರು 105 ಡಿಗ್ರಿಯಲ್ಲಿ ಇಳಿಸಿದರೆ ಜೋನಿ ಬೆಲ್ಲ, 118 ಡಿಗ್ರಿಯ ಆಸುಪಾಸಿನಲ್ಲಿ ಇಳಿಸಿದರೆ ಅಚ್ಚುಬೆಲ್ಲ. ಹದ ನೋಡುವವರು ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಕೂಡಿಸಿ ನೋಡುವಾಗ, ಥರ್ಮಾಮೀಟರ್ ಇಲ್ಲದೆಯೇ ಅದರಲ್ಲಿ ಉಳಿದಿರುವ ನೀರನ್ನು ಅಳೆಯುತ್ತಿರುತ್ತಾರೆ. ಹಾಗೆ ಉಳಿದ ನೀರನ್ನು ಸಕ್ಕರೆಯ ಅಣುಗಳು ಎಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತವೆಂದರೆ, ಹುದುಗು ಬರಿಸುವ ಸೂಕ್ಷ್ಮಜೀವಿಗಳಿಗೆ ಅದು ಸಿಗುವುದೇ ಇಲ್ಲ. ಬೆಲ್ಲ ವರ್ಷವಿಡೀ ಕೆಡದೆ ಉಳಿಯುವುದು ಇದರಿಂದಲೇ. ನೀವು ಮೇಲಿಂದ ಬೆರೆಸಿದ ನೀರು ಆ ಕಾವಲನ್ನು ತೆಗೆದುಬಿಡುತ್ತದೆ, ಕೆಲವೇ ದಿನಗಳಲ್ಲಿ ನೊರೆಯೆದ್ದು ಹುಳಿ ವಾಸನೆ ಬರುತ್ತದೆ. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು, ನೇರವಾಗಿ ಒಲೆಯ ಮೇಲೆ ಇಡಬೇಡಿ. ತಳದಲ್ಲಿ ಹರಳು ಕಂಡರೆ ಕಲಬೆರಕೆಯೆಂದು ಗಾಬರಿಯಾಗುವುದೂ ಬೇಡ, ತಣಿದ ಪಾಕ ಹಿಡಿದಿಟ್ಟುಕೊಳ್ಳಲಾಗದ ಹೆಚ್ಚಿನ ಸಕ್ಕರೆ ಹೀಗೆ ಹರಳುಗಟ್ಟುವುದು ಸಹಜ.

ಪ್ರಶ್ನೆ: ನೀರುದೋಸೆಯ ಕಾವಲಿಗೆ ನೀರು ಚಿಮುಕಿಸಿದಾಗ ಕೆಲವೊಮ್ಮೆ ಹನಿಗಳು ತಕ್ಷಣ ಆರುತ್ತವೆ, ಕೆಲವೊಮ್ಮೆ ಮುತ್ತಿನಂತೆ ಉರುಳಾಡುತ್ತ ಉಳಿದುಕೊಳ್ಳುತ್ತವೆ. ಹೆಚ್ಚು ಕಾದಿರುವುದು ಯಾವಾಗ?
— ಓದುಗರು, ಅಂಕೋಲಾ

ಉತ್ತರ: ಹನಿ ಉರುಳಾಡುವಾಗ. ಕಾವಲಿ ನೀರಿನ ಕುದಿಬಿಂದುವಿಗಿಂತ ಬಹಳ ಮೇಲೆ, ಸುಮಾರು 200 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಕಾದಿದ್ದರೆ, ಹನಿಯ ಅಡಿಭಾಗ ತಾಗುವ ಕ್ಷಣದಲ್ಲೇ ಆವಿಯಾಗಿ ಹನಿಗೂ ಲೋಹಕ್ಕೂ ನಡುವೆ ತೆಳುವಾದ ಆವಿಯ ಪದರವನ್ನು ಉಂಟುಮಾಡುತ್ತದೆ. ಆವಿಯ ಮೂಲಕ ಶಾಖ ನಿಧಾನವಾಗಿ ಸಾಗುವುದರಿಂದ ಹನಿ ಬೇಗ ಆರುವುದಿಲ್ಲ. 1756ರಲ್ಲಿ ಜರ್ಮನ್ ವೈದ್ಯ ಲೈಡನ್‌ಫ್ರಾಸ್ಟ್, ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಹನಿಯನ್ನಿಟ್ಟು ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಈ ಪರಿಣಾಮಕ್ಕೆ ಅವರದೇ ಹೆಸರಿದೆ. ದೋಸೆ ಹೊಯ್ಯಲು ಹನಿ ಚುಂಯ್ ಎಂದು ಆರುವಷ್ಟು ಕಾವು ಸಾಕು. ಉರುಳಾಡತೊಡಗಿದರೆ ಉರಿ ತಗ್ಗಿಸಿ.

ಪ್ರಶ್ನೆ: ಮಕ್ಕಳನ್ನು ಸಾಣಿಕಟ್ಟಾದ ಉಪ್ಪಿನಾಗರಕ್ಕೆ ಕರೆದೊಯ್ದಿದ್ದೆ. ಅಲ್ಲಿ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಹೋಗುತ್ತಾರೆ. ಒಂದೇ ಕಡೆ ನಿಲ್ಲಿಸಿ ಪೂರ್ತಿ ಒಣಗಿಸಬಾರದೇಕೆ ಎಂದು ಮಕ್ಕಳು ಕೇಳಿದರು. ಇನ್ನೊಂದು ಸಂಗತಿ: ಹರಳುಪ್ಪು ಮಳೆಗಾಲದಲ್ಲಿ ಭರಣಿಯೊಳಗೇ ನೀರೊಡೆಯುತ್ತದೆ, ಪೇಟೆಯ ಪುಡಿ ಉಪ್ಪು ಅಷ್ಟಾಗಿ ನೀರೊಡೆಯುವುದಿಲ್ಲ. ಕಾರಣವೇನು?
— ಪ್ರಾಥಮಿಕ ಶಾಲಾ ಶಿಕ್ಷಕಿ, ಕುಮಟಾ

ಉತ್ತರ: ಮಕ್ಕಳು ಕೇಳಿರುವ ಪ್ರಶ್ನೆಯಲ್ಲೇ ಉಪ್ಪಿನ ಕಸುಬಿನ ತಿರುಳಿದೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಆದರೆ ನಾವು ಉಣ್ಣುವ ಉಪ್ಪು ಅದರಲ್ಲಿ 27 ಗ್ರಾಂನಷ್ಟು ಮಾತ್ರ. ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಲವಣಗಳು. ಒಂದೊಂದು ಲವಣವೂ ನೀರಿನಲ್ಲಿ ಕರಗಿ ನಿಲ್ಲಬಲ್ಲ ಪ್ರಮಾಣ ಬೇರೆಯಾಗಿರುವುದರಿಂದ, ಬಿಸಿಲಿಗೆ ನೀರು ಆರುತ್ತ ಹೋದಂತೆ ಅವು ಒಂದಾದ ಮೇಲೊಂದರಂತೆ ಹೊರಬೀಳುತ್ತವೆ. ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ನೀರು ಐದನೇ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ಜಿಪ್ಸಂ ಬೀಳತೊಡಗುತ್ತದೆ, ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಾಗ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರಿನಲ್ಲೇ ಉಳಿಯುತ್ತವೆ. ಹೀಗಿರುವಾಗ ಒಂದು ಪಾತಿಯಲ್ಲಿ ಸುಣ್ಣ, ಜಿಪ್ಸಂಗಳನ್ನು ಬಿಟ್ಟು, ದಪ್ಪವಾದ ನೀರನ್ನು ಮುಂದಿನ ಪಾತಿಗೆ ಹಾಯಿಸಿ, ಅಲ್ಲಿ ಉಪ್ಪನ್ನು ಬೀಳಿಸಿಕೊಂಡು, ಉಳಿದ ಕಹಿ ನೀರನ್ನು ಹೊರಗೆ ಬಿಡುವುದು ಒಂದು ಶುದ್ಧೀಕರಣವೇ ಸರಿ. ಒಂದೇ ಕಡೆ ಪೂರ್ತಿ ಒಣಗಿಸಿದರೆ ಎಲ್ಲ ಲವಣಗಳೂ ಬೆರೆತ, ಕಹಿಯಾದ, ಸದಾ ಒದ್ದೆಯಾಗಿರುವ, ಹೊಟ್ಟೆ ಕೆಡಿಸುವ ವಸ್ತು ಸಿಗುತ್ತದೆ.

ಯಾವಾಗ ಹಾಯಿಸಬೇಕೆಂದು ತಿಳಿಯಲು ನೀರಿನ ಸಾಂದ್ರತೆಯನ್ನು ನೋಡಬೇಕು. ಉಪ್ಪಿನ ಉದ್ಯಮದಲ್ಲಿ ಇದನ್ನು ಬೋಮೆ ಮಾಪಕದಿಂದ ಅಳೆಯುತ್ತಾರೆ. 25 ಡಿಗ್ರಿ ಬೋಮೆಯ ಹೊತ್ತಿಗೆ ಹರಳು ಮೂಡತೊಡಗುತ್ತದೆ, 29–30 ದಾಟುವ ಮೊದಲೇ ಕಹಿ ನೀರನ್ನು ಹೊರಗೆ ಬಿಡುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಒಂದು ಕೋಳಿಮೊಟ್ಟೆಯಿಂದ ತೋರಿಸಬಹುದು. ತಾಜಾ ಮೊಟ್ಟೆ ಬಾವಿನೀರಿನಲ್ಲಿ ಮುಳುಗುತ್ತದೆ, ಸಮುದ್ರದ ನೀರಿನಲ್ಲಿಯೂ ಮುಳುಗುತ್ತದೆ, ಏಕೆಂದರೆ ಲೀಟರಿಗೆ 1025 ಗ್ರಾಂ ತೂಗುವ ಕಡಲ ನೀರಿಗಿಂತಲೂ ಮೊಟ್ಟೆ ಸಾಂದ್ರವಾದದ್ದು. ಅದೇ ನೀರನ್ನು ಕಾಯಿಸಿ ಮೂರನೇ ಒಂದು ಪಾಲಿಗೂ ಕೆಳಗೆ ಇಳಿಸಿ, ತಣಿದ ಮೇಲೆ ಮೊಟ್ಟೆ ಬಿಟ್ಟರೆ ಅದು ತೇಲುತ್ತದೆ. ಹರಳುಗಟ್ಟುವ ಹಂತದ ನೀರು ಲೀಟರಿಗೆ 1200 ಗ್ರಾಂಗೂ ಮೇಲೆ ತೂಗುತ್ತದೆ. ಮಳೆಗಾಲದ ಬಳಿಕ ಕೂಡಲೇ ಈ ಕೆಲಸ ಆರಂಭವಾಗದಿರಲು ಕಾರಣ, ಆಗ ಅಘನಾಶಿನಿಯ ಅಳಿವೆಯಲ್ಲಿ ಸಿಹಿನೀರೇ ಹೆಚ್ಚಾಗಿರುತ್ತದೆ. ಹೊಳೆಯ ಹರಿವು ತಗ್ಗಿ, ಉಬ್ಬರದೊಂದಿಗೆ ಉಪ್ಪುನೀರು ಒಳಬರುವ ತನಕ ಕಾಯಬೇಕು.

ಇನ್ನು ಭರಣಿಯ ವಿಷಯ. ನೀರು ಆರುವುದೆಂದರೆ ಅದರ ಅಣುಗಳು ಮೇಲ್ಮೈಯಿಂದ ಗಾಳಿಗೆ ಹಾರುವುದು. ಗಾಳಿಯಲ್ಲಿರುವ ಅಣುಗಳು ಮರಳಿ ನೀರಿಗೆ ಬೀಳುವುದೂ ಜೊತೆಜೊತೆಗೇ ನಡೆದಿರುತ್ತದೆ. ಕರಗಿದ ಉಪ್ಪು ನೀರಿನ ಅಣುಗಳನ್ನು ಹಿಡಿದುಕೊಳ್ಳುವುದರಿಂದ ಹಾರುವ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಇನ್ನಷ್ಟು ಉಪ್ಪು ಕರಗಲಾರದಷ್ಟು ಉಪ್ಪು ಕರಗಿರುವ ನೀರಿಗೂ ಗಾಳಿಗೂ ಸಮತೋಲ ಉಂಟಾಗುವುದು ಗಾಳಿಯ ತೇವಾಂಶ ಶೇಕಡಾ 75ರಷ್ಟಿದ್ದಾಗ. ಅದಕ್ಕಿಂತ ಒಣಗಾಳಿಯಲ್ಲಿ ಉಪ್ಪುನೀರು ಆರುತ್ತದೆ, ಅದಕ್ಕಿಂತ ಹಸಿಗಾಳಿಯಲ್ಲಿ ಒಣ ಉಪ್ಪೇ ಗಾಳಿಯಿಂದ ನೀರನ್ನು ಎಳೆದುಕೊಂಡು ಕರಗುತ್ತದೆ. ಕರಾವಳಿಯ ಆಷಾಢ–ಶ್ರಾವಣದ ಗಾಳಿಯಲ್ಲಿ ತೇವಾಂಶ ದಿನಗಟ್ಟಲೆ ಆ ಮಟ್ಟಕ್ಕಿಂತ ಮೇಲೇ ಇರುತ್ತದೆ. ಹರಳುಪ್ಪಿಗೆ ಅಂಟಿಕೊಂಡು ಬಂದ ಮೆಗ್ನೀಸಿಯಂ ಕ್ಲೋರೈಡಿಗಂತೂ ಶೇಕಡಾ 33ರಷ್ಟು ತೇವಾಂಶವೇ ಸಾಕು. ಆದಕಾರಣ ಅದು ಬೇಸಿಗೆಯಲ್ಲಿಯೂ ಪಸೆಯಾಗಿರುತ್ತದೆ. ಪೇಟೆಯ ಪುಡಿ ಉಪ್ಪಿನಿಂದ ಮೆಗ್ನೀಸಿಯಂ ತೆಗೆದಿರುತ್ತಾರೆ, ಜೊತೆಗೆ ಉಂಡೆಗಟ್ಟದಂತೆ ತಡೆಯುವ ಪುಡಿಯನ್ನೂ ಬೆರೆಸಿರುತ್ತಾರೆ. ಭರಣಿಯ ತಳದಲ್ಲಿ ನಿಂತ ನೀರನ್ನು ಚೆಲ್ಲಿದರೆ ಕಹಿಯ ಅಂಶವೇ ಹೆಚ್ಚಾಗಿ ಹೋಗುವುದರಿಂದ ಉಳಿದ ಉಪ್ಪು ಮೊದಲಿಗಿಂತ ಒಳ್ಳೆಯದಾಗುತ್ತದೆ. ಅಯೋಡಿನ್ ಸೇರಿಸದ ಹರಳುಪ್ಪನ್ನೇ ಬಳಸುವ ಮನೆಗಳವರು, ಅದರಲ್ಲೂ ಗರ್ಭಿಣಿಯರೂ ಚಿಕ್ಕ ಮಕ್ಕಳೂ ಇರುವ ಕಡೆ, ನಿತ್ಯದ ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನು ಬಿಡಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣಗಳ ಮಿಶ್ರಣ) ಹೊಡೆಯುವಾಗ ರಾಳದ ಅಂಟು ಸೇರಿಸಬೇಕೆನ್ನುತ್ತಾರೆ. ರೋಗ ತಡೆಯುವುದು ಮೈಲುತುತ್ತವಾದರೆ ಅಂಟಿನ ಅಗತ್ಯವೇನು? ಬಟ್ಟೆ ಸೋಪಿನ ಪುಡಿ ಹಾಕಿದರೆ ಸಾಲದೇ?
— ಅಡಿಕೆ ಬೆಳೆಗಾರರು, ಸಿದ್ದಾಪುರ ತಾಲೂಕು

ಉತ್ತರ: ಮಳೆಯಲ್ಲಿ ಕೆಸುವಿನ ಎಲೆಯನ್ನು ಹತ್ತಿರದಿಂದ ನೋಡಿ. ಹನಿ ಅದರ ಮೇಲೆ ಹರಡದೆ ದುಂಡಗೆ ನಿಂತು, ಎಲೆ ಅಲುಗಿದ ಕೂಡಲೇ ಧೂಳನ್ನೂ ಜೊತೆಗೆ ಕೊಂಡು ಉರುಳಿಹೋಗುತ್ತದೆ. ಹನಿ ನಿಂತಿದ್ದ ಜಾಗ ಒಣಗಿಯೇ ಇರುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುವುದರಿಂದ ನೀರಿನ ಮೇಲ್ಮೈ ಆದಷ್ಟು ಕುಗ್ಗಲು ನೋಡುತ್ತದೆ, ಈ ಎಳೆತವೇ ಮೇಲ್ಮೈ ಕರ್ಷಣ. ನೀರಿನಲ್ಲಿ ಅದು ಸ್ಪಿರಿಟ್‌ಗಿಂತ ಮೂರು ಪಟ್ಟಿಗೂ ಹೆಚ್ಚು. ಹನಿ ತಾನು ಕುಳಿತ ಮೈಯ ಮೇಲೆ ಹರಡಬೇಕಾದರೆ ಆ ಮೈಯ ಸೆಳೆತ ನೀರಿನ ಒಳಸೆಳೆತಕ್ಕೆ ಸರಿಸಮವಾಗಿ ನಿಲ್ಲಬೇಕು. ಮೇಣಕ್ಕೆ ಅಂಥ ಸೆಳೆತವಿಲ್ಲ. ಕೆಸು, ತಾವರೆಗಳ ಎಲೆಯಲ್ಲಿ ಮೇಣದ ಜೊತೆಗೆ ಕಣ್ಣಿಗೆ ಕಾಣದ ಉಬ್ಬುಗಳೂ ಇದ್ದು, ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯ ಮೇಲೆಯೇ ಹನಿ ನಿಂತಿರುತ್ತದೆ.

ಎಳೆಯ ಅಡಿಕೆಯ ಹಸಿರು ಸಿಪ್ಪೆಯ ಮೇಲೆಯೂ ಮೇಣದ ಲೇಪವಿದೆ. ಬರಿಯ ಮದ್ದನ್ನು ಹೊಡೆದರೆ ಹನಿ ಹನಿಯಾಗಿ ನಿಂತು, ಬಹುಭಾಗ ಅಡಿಕೆಯ ಕೊನೆಯಿಂದ (ಗೊನೆಯಿಂದ) ಕೆಳಗೆ ತೊಟ್ಟಿಕ್ಕುತ್ತದೆ. ಉಳಿದದ್ದು ಚುಕ್ಕಿಗಳಾಗಿ ಒಣಗಿ, ಚುಕ್ಕಿಗಳ ನಡುವಿನ ಜಾಗಕ್ಕೆ ರಕ್ಷಣೆ ಸಿಗುವುದಿಲ್ಲ. ಕೊಳೆರೋಗ ತರುವ ಫೈಟಾಫ್ತೊರಾದ ಬೀಜಕಣಗಳು ನೀರಿನ ತೆಳು ಪದರದಲ್ಲಿ ಈಜಿಕೊಂಡು ಹೋಗಬಲ್ಲವಾದ್ದರಿಂದ ಅಷ್ಟು ಖಾಲಿ ಜಾಗವೇ ಅವಕ್ಕೆ ಸಾಕು. ಹಿಂದಿನವರು ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಕೊಟ್ಟೆ (ಮಳೆ ತಾಗದಂತೆ ಮುಚ್ಚುವ ಹೊದಿಕೆ) ಕಟ್ಟುತ್ತಿದ್ದುದು ಸಿಪ್ಪೆಯ ಮೇಲೆ ಈ ನೀರಿನ ಪದರವೇ ನಿಲ್ಲದಂತೆ ಮಾಡುವ ಉಪಾಯ. 1885ರಲ್ಲಿ ಫ್ರಾನ್ಸಿನ ಮಿಲ್ಲಾರ್ದೆ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ಮಿಶ್ರಣವನ್ನು ನಮ್ಮ ಅಡಿಕೆಗೆ ಒಗ್ಗಿಸಿದ ಕೀರ್ತಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರಿಗೆ ಸಲ್ಲಬೇಕು.

ಈಗ ಸೋಪಿನ ಪುಡಿಯ ಪ್ರಶ್ನೆ. ಅದು ಮೇಲ್ಮೈ ಕರ್ಷಣವನ್ನು ತಗ್ಗಿಸಿ ಮದ್ದನ್ನು ಹರಡಿಸುತ್ತದೆ, ನಿಜ. ಆದರೆ ಒಣಗಿದ ಮೇಲೂ ಅದು ನೀರಿನಲ್ಲಿ ಕರಗುವ ವಸ್ತುವೇ ಆಗಿರುವುದರಿಂದ ಮುಂದಿನ ಮಳೆಗೆ ಮದ್ದನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಸೋಡಾದಲ್ಲಿ ಬೇಯಿಸಿದ ರಾಳ ಎರಡು ಕೆಲಸವನ್ನೂ ಮಾಡುತ್ತದೆ: ಹಸಿಯಿರುವಾಗ ಹರಡಿಸುತ್ತದೆ, ಮಿಶ್ರಣದ ಸುಣ್ಣದೊಂದಿಗೆ ಸೇರಿ ಒಣಗಿದ ಬಳಿಕ ನೀರಿಗೆ ಕರಗದ ತೆಳು ಪೊರೆಯಾಗಿ ಮೈಲುತುತ್ತದಿಂದ ಬಂದ ತಾಮ್ರದ ಕಣಗಳನ್ನು ಸಿಪ್ಪೆಗೆ ಅಂಟಿಸಿಡುತ್ತದೆ. ಮಲೆನಾಡಿನ ಮಳೆಗೆ ಈ ಎರಡನೆಯ ಗುಣವೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಮದ್ದು ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕವಿರಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪಗಿನ ತಾಮ್ರ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಕೊನೆಗೌಡರು ಮರವೇರುವ ಮುನ್ನ ಈ ಪರೀಕ್ಷೆಯನ್ನು ತಪ್ಪಿಸಬೇಡಿ, ಮತ್ತು ಕಲಸಿದ ಮದ್ದನ್ನು ಅಂದೇ ಮುಗಿಸಿ.

ಪ್ರಶ್ನೆ: ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಬಳಸುವ ಭಾರಜಲ ನಿಜಕ್ಕೂ ಭಾರವೇ? ಅದು ಕಾಳಿ ನದಿಯ ನೀರೇ?
— ಪದವಿಪೂರ್ವ ವಿದ್ಯಾರ್ಥಿ, ಕಾರವಾರ

ಉತ್ತರ: ನಿಜಕ್ಕೂ ಭಾರ. ಜಲಜನಕದ ಪರಮಾಣುಗಳಲ್ಲಿ ಸುಮಾರು 6400ಕ್ಕೆ ಒಂದು, ಬೀಜಕೇಂದ್ರದಲ್ಲಿ ಹೆಚ್ಚುವರಿ ನ್ಯೂಟ್ರಾನ್ ಹೊಂದಿರುವ ಡ್ಯುಟೀರಿಯಂ ಆಗಿರುತ್ತದೆ. 1931ರಲ್ಲಿ ಹೆರಾಲ್ಡ್ ಯೂರಿ ಇದನ್ನು ಕಂಡುಹಿಡಿದರು. ಅಂಥ ಪರಮಾಣುಗಳಿಂದಲೇ ಆದ ನೀರು ಲೀಟರಿಗೆ ಸುಮಾರು 1105 ಗ್ರಾಂ ತೂಗುತ್ತದೆ, 3.8 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುತ್ತದೆ, 101.4 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಮಂಜುಗಡ್ಡೆ ಸಾಮಾನ್ಯ ನೀರಿನಲ್ಲಿ ಮುಳುಗುತ್ತದೆ. ಕೈಗಾದ 220 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ಯುರೇನಿಯಂ ಪರಮಾಣುಗಳನ್ನು ಒಡೆಯುವ ನ್ಯೂಟ್ರಾನ್‌ಗಳ ವೇಗವನ್ನು ತಗ್ಗಿಸಲು ಇದನ್ನು ಬಳಸುತ್ತಾರೆ. ಸಾಮಾನ್ಯ ನೀರೂ ವೇಗ ತಗ್ಗಿಸಬಲ್ಲದು, ಆದರೆ ಹಾಗೆ ಮಾಡುವಾಗ ನ್ಯೂಟ್ರಾನ್‌ಗಳನ್ನು ತಾನೇ ನುಂಗಿಬಿಡುತ್ತದೆ. ಡ್ಯುಟೀರಿಯಂ ನುಂಗುವುದು ಜಲಜನಕ ನುಂಗುವುದರ ಸುಮಾರು ಆರುನೂರನೇ ಒಂದು ಪಾಲು ಮಾತ್ರವಾದ್ದರಿಂದ ಸಂವರ್ಧನೆ ಮಾಡದ ಸಹಜ ಯುರೇನಿಯಂನಿಂದಲೇ ಸ್ಥಾವರ ನಡೆಯುತ್ತದೆ. ಭಾರಜಲ ಮುಚ್ಚಿದ ಕೊಳವೆಗಳೊಳಗೇ ಸುತ್ತುತ್ತಿರುತ್ತದೆ. ಆವಿಯನ್ನು ತಣಿಸಲು ಕದ್ರಾ ಜಲಾಶಯದಿಂದ ಬರುವ ಕಾಳಿಯ ನೀರು ಬೇರೆ.

ಪ್ರಶ್ನೆ: ನಮ್ಮ ಬಾವಿ ಕಡಲ ದಂಡೆಗೆ ಹತ್ತಿರದಲ್ಲಿದೆ. ಶಿವರಾತ್ರಿಯವರೆಗೂ ನೀರು ಸಿಹಿಯಾಗಿರುತ್ತಿತ್ತು. ಪಂಪ್ ಹಾಕಿಸಿದ ಮೇಲೆ ಬೇಗನೆ ಸವಳಾಗುತ್ತಿದೆ. ಬಾವಿಯನ್ನು ಇನ್ನಷ್ಟು ಆಳ ಮಾಡಿಸಿದರೆ ಒಳ್ಳೆಯ ನೀರು ಸಿಕ್ಕೀತೇ?
— ಓದುಗರು, ಅಮದಳ್ಳಿ, ಕಾರವಾರ ತಾಲೂಕು

ಉತ್ತರ: ದಯವಿಟ್ಟು ಆಳ ಮಾಡಿಸಬೇಡಿ, ಅದರಿಂದ ಉಪ್ಪುನೀರಿಗೆ ನೀವೇ ಹತ್ತಿರ ಹೋದಂತಾಗುತ್ತದೆ. ಕಾಳಿಯ ಅಳಿವೆಯಲ್ಲಿ ಮೀನು ಹಿಡಿಯುವವರಿಗೆ ಗೊತ್ತಿರುವಂತೆ ಹೊಳೆಯ ಸಿಹಿನೀರು ಮೇಲೂ ಕಡಲಿನ ಉಪ್ಪುನೀರು ಅಡಿಯಲ್ಲೂ ಇರುತ್ತದೆ. ದಂಡೆಯ ಮರಳಿನ ಒಳಗೂ ಇದೇ ವ್ಯವಸ್ಥೆ: ಮಳೆಯಿಂದ ಇಳಿದ ಸಿಹಿನೀರು, ಕಡಲಿನಿಂದ ಒಳಸೇರಿದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಲೀಟರಿಗೆ ಸಿಹಿನೀರು 1000 ಗ್ರಾಂ, ಕಡಲ ನೀರು 1025 ಗ್ರಾಂ. ಈ 25 ಗ್ರಾಂ ಅಂತರವೇ ಅದನ್ನು ತೇಲಿಸುತ್ತಿದೆ. 1000ವನ್ನು 25ರಿಂದ ಭಾಗಿಸಿದರೆ 40 ಬರುತ್ತದೆ. ಎಂದರೆ ಬಾವಿಯ ನೀರಿನ ಮಟ್ಟ ಕಡಲಿನ ಸರಾಸರಿ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿದ್ದರೆ, ಕಡಲ ಮಟ್ಟದ ಕೆಳಗೆ ಸುಮಾರು 20 ಮೀಟರ್ ಸಿಹಿನೀರು ಇರಬೇಕು. ಹಾಲೆಂಡಿನ ಬಾಡನ್ ಗೈಬೆನ್ ಹಾಗೂ ಜರ್ಮನಿಯ ಹರ್ಜ್‌ಬರ್ಗ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮತ್ತು ಇಪ್ಪತ್ತನೆಯದರ ಆರಂಭದಲ್ಲಿ ಬೇರೆಬೇರೆಯಾಗಿ ಇದೇ ಲೆಕ್ಕಕ್ಕೆ ಬಂದರು.

ಈ ಲೆಕ್ಕದ ಇನ್ನೊಂದು ಮುಖ ನಿಮಗೆ ಸಂಬಂಧಿಸಿದ್ದು. ಪಂಪ್ ನೀರಿನ ಮಟ್ಟವನ್ನು ಬರಿಯ ಕಾಲು ಮೀಟರ್ ಇಳಿಸಿ ಅಲ್ಲೇ ನಿಲ್ಲಿಸಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು 10 ಮೀಟರ್‌ನಷ್ಟು ಮೇಲೇರಬಲ್ಲದು. ಹಗ್ಗ ಕೊಡದಿಂದ ಸೇದುವಾಗ ನೀರು ಸ್ವಲ್ಪಸ್ವಲ್ಪವೇ ತಗ್ಗಿ, ನಡುನಡುವೆ ತುಂಬಿಕೊಳ್ಳುತ್ತಿತ್ತು. ಪಂಪ್ ಒಂದೇ ಸಲಕ್ಕೆ ಎಳೆಯುವುದರಿಂದ ಬಾವಿಯ ಬುಡದಲ್ಲಿ ಉಪ್ಪುನೀರು ಗೋಪುರದಾಕಾರದಲ್ಲಿ ಏಳುತ್ತದೆ. ಒಮ್ಮೆ ಎದ್ದ ಉಪ್ಪುನೀರು ಮರಳಿನ ಕಣಗಳ ನಡುವೆ ಸಿಹಿನೀರಿನೊಂದಿಗೆ ಬೆರೆತುಹೋಗುವುದರಿಂದ ಪಂಪ್ ನಿಲ್ಲಿಸಿದ ಮರುದಿನವೇ ಸರಿಯಾಗುವುದೂ ಇಲ್ಲ.

ಮಾಡಬಹುದಾದದ್ದು ಇಷ್ಟು. ಕಡಿಮೆ ಶಕ್ತಿಯ ಪಂಪ್ ಬಳಸಿ, ದಿನಕ್ಕೆ ಬೇಕಾದ ನೀರನ್ನು ಬೆಳಿಗ್ಗೆ ಸಂಜೆ ಸ್ವಲ್ಪಸ್ವಲ್ಪವಾಗಿ ಎತ್ತಿ ತೊಟ್ಟಿಯಲ್ಲಿ ತುಂಬಿಸಿಕೊಳ್ಳಿ. ತೋಟಕ್ಕೂ ಮನೆಗೂ ಒಂದೇ ಬಾವಿಯನ್ನು ಅವಲಂಬಿಸುವ ಬದಲು, ಜಾಗವಿದ್ದರೆ ದಂಡೆಯಿಂದ ದೂರದ ಬದಿಯಲ್ಲಿ ಆಳವಿಲ್ಲದ ಇನ್ನೊಂದು ಬಾವಿ ತೋಡಿಸಿ. ಕೊಳವೆಬಾವಿ ಮಾತ್ರ ಬೇಡವೇ ಬೇಡ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರು ನಿಮ್ಮದು. ಮಾಡಿನ ನೀರನ್ನು ಗಟಾರಕ್ಕೆ ಬಿಡದೆ ಜಲ್ಲಿ ಮರಳು ತುಂಬಿದ ಗುಂಡಿಯ ಮೂಲಕ ಬಾವಿಯ ಹತ್ತಿರ ಇಂಗಿಸಿದರೆ ತೇಲುವ ಸಿಹಿನೀರಿನ ದಪ್ಪ ಹೆಚ್ಚುತ್ತದೆ. 40ರ ಲೆಕ್ಕ ಮರಳುನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ನಿಮ್ಮ ಬಾವಿ ಚಿರೆಕಲ್ಲಿನಲ್ಲೋ ಬಂಡೆಯ ಬಿರುಕಿನಲ್ಲೋ ಇದ್ದರೆ ನೀರು ಬರುವ ದಾರಿಗಳು ಬೇರೆಯಾಗಿರುತ್ತವೆ. ಆದ್ದರಿಂದ ಹೊಸ ಬಾವಿಗೆ ಕೈಹಾಕುವ ಮೊದಲು, ಈಗಿನ ಬಾವಿಯ ಮೇಲ್ಭಾಗದ ಮತ್ತು ತಳದ ನೀರನ್ನು ಬೇರೆಬೇರೆ ಬಾಟಲಿಗಳಲ್ಲಿ ತುಂಬಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ಎರಡರಲ್ಲಿಯೂ ಕ್ಲೋರೈಡ್ ಎಷ್ಟಿದೆಯೆಂದು ತಿಳಿದುಕೊಳ್ಳಿ. ತಳದಲ್ಲಿ ಮಾತ್ರ ಅದು ಹೆಚ್ಚಾಗಿದ್ದರೆ, ಪಂಪಿನ ಕೊಳವೆಯ ಬಾಯಿಯನ್ನು ಮೇಲಕ್ಕೆತ್ತಿ ಕಟ್ಟುವುದರಿಂದಲೇ ಈ ಬೇಸಿಗೆಯಲ್ಲಿ ಸಾಕಷ್ಟು ಸುಧಾರಣೆ ಕಾಣಬಹುದು.